ಮುಂಬೈ ಹತ್ತಿರದ ಡೊಂಬಿವಲಿಯ ಒಬ್ಬರು ಕೇಳಿದ್ದು: ಗಿಟಾರ್ ಬರದೆ ನೇರವಾಗಿ ಬೇಸ್ ಕಲಿಯಬಹುದಾ? ನನ್ನ ಕೈ ಬೇರೆ ಚಿಕ್ಕದು.

ಖಂಡಿತ ಕಲಿಯಬಹುದು. ಬೇಸ್ ಅಂದರೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳ, ತಗ್ಗಿನ ಸ್ವರದ ಗಿಟಾರ್. ಮೊದಲು ಆರು ತಂತಿಯ ಗಿಟಾರ್ ಕಲಿತು ಆಮೇಲೆ ಬೇಸ್‌ಗೆ ಬನ್ನಿ ಅಂತ ನಿಮ್ಮ ಗೆಳೆಯರು ಹೇಳಿದ್ದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ನಾನೂ ನಿಮ್ಮ ಹಾಗೆ ಡೊಂಬಿವಲಿಯವನೇ. 38ನೇ ವಯಸ್ಸಿಗೆ ನೇರ ಬೇಸನ್ನೇ ಹಿಡಿದೆ.

ನನಗೆ ಹುಚ್ಚು ಹಿಡಿಸಿದ್ದು ಜೇಮ್ಸ್ ಜೇಮರ್ಸನ್. 1960ರ ದಶಕದಲ್ಲಿ ಅಮೆರಿಕದ ಡೆಟ್ರಾಯ್ಟ್‌ನ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದವರು. ತಂತಿ ಮೀಟಲು ಬಳಸುತ್ತಿದ್ದುದು ತೋರುಬೆರಳು ಒಂದನ್ನೇ! ಹಳೇ ತಂತಿಗಳನ್ನು ಬದಲಿಸುವ ಗೋಜಿಗೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಜೋತುಬಿದ್ದು ಥಾಣೆ ಸ್ಟೇಷನ್ ದಾಟುವಾಗ, ಹಾಡುವವರನ್ನು ಬಿಟ್ಟು ಜೇಮರ್ಸನ್ ಬೇಸ್ ಮಾತ್ರ ಕೇಳುತ್ತಿದ್ದೆ. ಹೆಡ್‌ಫೋನ್‌ನಲ್ಲೇ ಕೇಳಿ. ಬೇಸ್‌ನ ಅತಿ ತಗ್ಗಿನ ಸ್ವರದ ಇ (E) ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ (41 ಹರ್ಟ್ಸ್), ಫೋನ್ ಸ್ಪೀಕರ್‌ಗೆ ಅದು ದಕ್ಕುವುದಿಲ್ಲ.

ಬೆರಳಲ್ಲಿ ಬೊಬ್ಬೆ ಬರುತ್ತೆ, ಹೋಗುತ್ತೆ. ನಿಜವಾದ ಕಷ್ಟ ಬೇರೆ: ನುಡಿಸದ ತಂತಿಗಳನ್ನು ಸುಮ್ಮನಿರಿಸುವುದು. ಪಕ್ಕದ ಎ (A) ತಂತಿ ಮೀಟಿದರೆ ಇ ಕೂಡ ಗುಂಯ್ ಅನ್ನುತ್ತೆ. ಹೆಬ್ಬೆರಳನ್ನು ಇ ತಂತಿಯ ಮೇಲೆ ಒರಗಿಸಿ ಇಟ್ಟುಕೊಳ್ಳಿ. ನನಗೆ ಇದೊಂದಕ್ಕೇ ಎರಡು ತಿಂಗಳು ಹಿಡಿಯಿತು.

ಕೈ ಚಿಕ್ಕದು ಅಂದಿದ್ದೀರಲ್ವಾ? ತಂತಿ ಮಿಡಿಯುವ ಉದ್ದ (ಸ್ಕೇಲ್) ಮಾಮೂಲಿ 34 ಇಂಚಿನ ಬದಲು 30 ಇಂಚು ಇರುವ ಶಾರ್ಟ್ ಸ್ಕೇಲ್ ಬೇಸ್ ನೋಡಿ. ಮುಂಬೈಯ ಧೋಬಿ ತಲಾವ್ ಕಡೆ ವಾದ್ಯದ ಅಂಗಡಿಗಳಿವೆ, ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಫ್ಲಾಟ್‌ನಲ್ಲಿ ದೊಡ್ಡ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಬೇಡ, ಚಿಕ್ಕ ಹೆಡ್‌ಫೋನ್ ಆಂಪ್ ಸಾಕು. ನಮ್ಮ ಕೆಳಗಿನ ಮನೆ ಆಜಿ ಒಮ್ಮೆ ಮೇಲೆ ಬಂದು, 'ಮಿಕ್ಸರ್ ಕೆಟ್ಟಿದೆಯಾ?' ಅಂತ ಕೇಳಿದ್ದರು.