ಅಫ್ಘನ್ ಕೃತಿಯನ್ನು ಓದುವ ಬಗೆ

ಪ್ರಶ್ನೆ: ಖಾಲೆದ್ ಹುಸೇನಿಯವರ ‘ದಿ ಕೈಟ್ ರನ್ನರ್’ ಕಾದಂಬರಿಯನ್ನು ಈಚೆಗೆ ಓದಿದೆ. ಇದನ್ನು ಅಫ್ಘಾನಿಸ್ತಾನದ ಬದುಕಿನ ನೇರ ಚಿತ್ರವೆಂದು ತಿಳಿಯಬಹುದೇ? ಅಲ್ಲಿನ ಸಾಹಿತ್ಯವನ್ನು ಯುದ್ಧದ ವರದಿಯಾಗಿ ಅಲ್ಲದೆ ಬೇರೆ ರೀತಿಯಲ್ಲಿ ಓದುವುದು ಹೇಗೆ?
– ಒಬ್ಬ ಓದುಗ, ಧಾರವಾಡ

ಉತ್ತರ: ಚಿತ್ರವೇನೋ ಹೌದು, ಆದರೆ ಅದು ಯಾರ ಕಣ್ಣಿಗೆ ಕಂಡದ್ದು ಎಂಬುದನ್ನು ಮೊದಲು ಗಮನಿಸಬೇಕು. 1965ರಲ್ಲಿ ಕಾಬೂಲಿನಲ್ಲಿ ಹುಟ್ಟಿದ ಹುಸೇನಿ, 1976ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಆ ಊರನ್ನು ಬಿಟ್ಟವರು. 2003ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಅವರು ಬರೆದದ್ದು ಇಂಗ್ಲಿಷಿನಲ್ಲಿ. ಕಥೆ ಹೇಳುವ ಅಮೀರ್ ಉಳ್ಳವರ ಮನೆಯವನು, ಅಲ್ಲಿನ ಪ್ರಬಲ ಸಮುದಾಯವಾದ ಪಶ್ತೂನರವನು. ಆಳಿನ ಮಗನೆಂದೇ ಬೆಳೆದ ಹಸನ್, ಕೀಳಾಗಿ ಕಾಣಲಾಗುತ್ತಿದ್ದ ಹಜಾರಾ ಸಮುದಾಯದವನು. ಹಸನ್‌ನ ನೋವು ನಮಗೆ ಬಹುಮಟ್ಟಿಗೆ ಅಮೀರನ ಪಶ್ಚಾತ್ತಾಪದ ಮೂಲಕವೇ ತಲುಪುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮತ್ತೊಮ್ಮೆ ಓದಿದರೆ, ಹಸನ್ ಮಾತಾಡದೆ ಉಳಿದ ಜಾಗಗಳು ಎದ್ದು ಕಾಣುತ್ತವೆ.

ಇದರ ಪಕ್ಕದಲ್ಲಿ ಇನ್ನೊಬ್ಬ ಅಫ್ಘನ್ ಲೇಖಕ ಅತೀಕ್ ರಹೀಮಿಯವರನ್ನು ಇಟ್ಟು ನೋಡಿ. ಅಫ್ಘಾನಿಸ್ತಾನದ ಪರ್ಷಿಯನ್ ಆದ ದರಿ ಭಾಷೆಯಲ್ಲಿ ಬರೆದ ‘ಮಣ್ಣು ಮತ್ತು ಬೂದಿ’ ಎಂಬ ಅರ್ಥದ ಹೆಸರಿನ ಅವರ ಕಿರುಕಾದಂಬರಿಯಲ್ಲಿ, ಸೋವಿಯತ್ ಬಾಂಬಿಗೆ ಹಳ್ಳಿ ನಾಶವಾದ ಸುದ್ದಿಯನ್ನು ಕಲ್ಲಿದ್ದಲ ಗಣಿಯಲ್ಲಿ ದುಡಿಯುವ ಮಗನಿಗೆ ಹೇಳಲು ಮುದುಕನೊಬ್ಬ ಮೊಮ್ಮಗನೊಡನೆ ಹೊರಟಿದ್ದಾನೆ. ಬಾಂಬಿನ ಸದ್ದಿಗೆ ಮಗು ಕಿವುಡಾಗಿದೆ. ಅದಕ್ಕೆ ಮಾತ್ರ, ಲೋಕದವರೆಲ್ಲರೂ ದನಿ ಕಳೆದುಕೊಂಡಿದ್ದಾರೆ ಎಂದೇ ಅನ್ನಿಸುತ್ತದೆ. ಕಥೆಯುದ್ದಕ್ಕೂ ಮುದುಕನನ್ನು ‘ನೀನು’ ಎಂದೇ ಕರೆಯಲಾಗಿದೆ. ಇಂಥ ಕೃತಿಯಲ್ಲಿ ಇಸವಿ, ಸೈನ್ಯ, ಪಕ್ಷಗಳ ವಿವರ ಹುಡುಕಹೊರಟರೆ ಕೈಗೆ ಸಿಗುವುದು ತೀರ ಕಡಿಮೆ. ಮುಂದೆ ಅವರು ಫ್ರೆಂಚ್‌ನಲ್ಲಿ ಬರೆದ, ಹೆಣ್ಣೊಬ್ಬಳು ಪ್ರಜ್ಞೆಯಿಲ್ಲದೆ ಮಲಗಿದ ಗಂಡನೆದುರು ಮನಸ್ಸು ಬಿಚ್ಚುವ ಕಾದಂಬರಿಗೆ ಫ್ರಾನ್ಸಿನ ಹೆಸರಾಂತ ಸಾಹಿತ್ಯ ಪ್ರಶಸ್ತಿಯಾದ ಗೊಂಕೂರ್ 2008ರಲ್ಲಿ ಬಂತು. ಅದನ್ನು ಓದುವಾಗ, ಈ ಮಾತುಗಳಿಗೆ ಬೇರೆ ಭಾಷೆಯೇ ಏಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಕೈಬಿಡಬೇಡಿ.

ಕಾದಂಬರಿಗಳಲ್ಲೇ ನಿಲ್ಲಬಾರದೆಂಬುದು ನನ್ನ ಒತ್ತಾಯ. ಪಶ್ತೂನ್ ಹೆಂಗಸರು ತಮ್ಮ ಪಶ್ತೋ ಭಾಷೆಯಲ್ಲಿ ಹಾಡುವ ‘ಲಂಡೈ’ ಎರಡೇ ಸಾಲಿನ ಪದ್ಯ: ಮೊದಲ ಸಾಲಿಗೆ 9 ಅಕ್ಷರ, ಎರಡನೆಯದಕ್ಕೆ 13. 1988ರಲ್ಲಿ ಪೇಶಾವರದಲ್ಲಿ ಕೊಲೆಯಾದ ಕವಿ ಬಹಾವುದ್ದೀನ್ ಮಜ್ರೂಹ್ ಇವನ್ನು ಸಂಗ್ರಹಿಸಿದ್ದರು. ಪ್ರಿಯಕರನನ್ನು ಕೆಣಕುವ, ಒಲ್ಲದ ಗಂಡನನ್ನು ಜರೆಯುವ ಈ ಪದ್ಯಗಳಿಗೆ ಕರ್ತೃವಿನ ಹೆಸರಿಲ್ಲ. ಹಾಗಾಗಿ ಅವನ್ನು ಒಬ್ಬಳ ಆತ್ಮಕಥೆಯೆಂದು ಓದುವುದು ತಪ್ಪಾಗುತ್ತದೆ. ನಮ್ಮ ಬೀಸುವ ಪದಗಳಲ್ಲಿ ಅತ್ತೆಯನ್ನು ದೂರುವವಳು ತನ್ನ ಮನೆಯ ಅತ್ತೆಯೊಬ್ಬಳನ್ನೇ ದೂರುತ್ತಿಲ್ಲವಲ್ಲ, ಇದೂ ಹಾಗೆಯೇ.