ಓದುಗರ ಪ್ರಶ್ನೆ: ತಂದೆಯ ಮನೆಯಿಂದ ಬಂದ ಮಗು ಅಳುತ್ತದೆ, ಭೇಟಿ ನಿಲ್ಲಿಸಲೇ?

ಪ್ರಶ್ನೆ: ನಾನು ಮತ್ತು ನನ್ನ ಪತಿ ಬೇರೆಯಾಗಿ ಒಂದೂವರೆ ವರ್ಷವಾಯಿತು. ಆರು ವರ್ಷದ ಮಗಳು ನನ್ನ ಸುಪರ್ದಿಯಲ್ಲಿದ್ದಾಳೆ. ನ್ಯಾಯಾಲಯದ ಆದೇಶದಂತೆ ಎರಡು ವಾರಕ್ಕೊಮ್ಮೆ ಶನಿವಾರ ತಂದೆಯ ಮನೆಗೆ ಹೋಗಿ ಭಾನುವಾರ ಸಂಜೆ ಬರುತ್ತಾಳೆ. ಹೋಗುವಾಗ ತಕರಾರಿಲ್ಲ. ಬಂದ ಮೇಲೆ ಮಾತ್ರ ಬೂಟು ಬಿಚ್ಚುವುದಿಲ್ಲ, ಹೆಗಲ ಮೇಲಿನ ಚೀಲ ಇಳಿಸುವುದಿಲ್ಲ, ಏನು ಕೇಳಿದರೂ ಸಿಡುಕುತ್ತಾಳೆ, ಕೊನೆಗೆ ಅತ್ತು ಮಲಗುತ್ತಾಳೆ. ಕಳೆದ ಸಲ ‘ಇನ್ನು ಅಪ್ಪನ ಮನೆಗೆ ಹೋಗೋದಿಲ್ಲ’ ಎಂದಳು. ಅಲ್ಲಿ ಏನೋ ನಡೆಯುತ್ತಿದೆ ಎಂದು ನನ್ನ ಅಕ್ಕ ಹೇಳುತ್ತಾಳೆ. ಭೇಟಿಯನ್ನು ನಿಲ್ಲಿಸಿಬಿಡಲೇ?

ಉತ್ತರ: ಈಗಲೇ ನಿಲ್ಲಿಸಬೇಡಿ. ಹೋಗುವಾಗ ತಕರಾರಿಲ್ಲ ಎಂದು ನೀವೇ ಬರೆದಿದ್ದೀರಿ. ಆ ಮನೆಯಲ್ಲಿ ಮಗುವಿಗೆ ಹೆದರಿಕೆ ಹುಟ್ಟಿಸುವಂಥದ್ದೇನಾದರೂ ಇದ್ದರೆ ಅದರ ಸುಳಿವು ಎಷ್ಟೋ ಸಲ ಹೊರಡುವ ಹೊತ್ತಿನಲ್ಲೇ, ಕೆಲವೊಮ್ಮೆ ಹಿಂದಿನ ರಾತ್ರಿಯ ನಿದ್ದೆಯಲ್ಲೇ ಕಾಣುತ್ತದೆ. ಇದೊಂದೇ ಸಾಕ್ಷಿಯಲ್ಲ, ಆದರೆ ಅಕ್ಕನ ಆತಂಕದ ಜೊತೆಗೆ ಇದನ್ನೂ ತೂಗಿ ನೋಡಬೇಕು. ನಿಮ್ಮ ಮನೆಗೆ ಬರುವುದೆಂದರೆ ನಿಮ್ಮ ಮಗಳ ಪಾಲಿಗೆ ತಂದೆಯನ್ನು ಬಿಟ್ಟು ಬರುವುದೂ ಹೌದು. ಆ ದುಃಖವನ್ನು ದಾರಿಯುದ್ದಕ್ಕೂ ತಡೆದುಕೊಂಡು ಬಂದ ಮಗು, ಅತ್ತರೆ ಬೈಯುವುದಿಲ್ಲ ಎಂಬ ನಂಬಿಕೆ ಇರುವವರ ಎದುರು ಅದನ್ನು ಹೊರಹಾಕುತ್ತದೆ.

ಭಾನುವಾರ ಸಂಜೆ ಒಂದು ಗಂಟೆಯ ಕಾಲ ಪ್ರಶ್ನೆಗಳನ್ನೇ ಕೇಳಬೇಡಿ. ಬೂಟು ಕಾಲಲ್ಲೇ ಇರಲಿ, ಚೀಲ ಹೆಗಲಲ್ಲೇ ಇರಲಿ. ‘ಅಲ್ಲಿ ಯಾರಿದ್ದರು, ಅಪ್ಪ ಏನಂದರು’ ಎಂದು ನೀವು ಸಹಜವಾಗಿಯೇ ಕೇಳಿರಬಹುದು, ಆದರೆ ಯಾವ ಉತ್ತರಕ್ಕೆ ಅಮ್ಮನ ಮುಖ ಬಾಡುತ್ತದೆ ಎಂಬುದನ್ನು ಆರು ವರ್ಷದ ಮಗು ಬೇಗ ಕಲಿತುಕೊಳ್ಳುತ್ತದೆ. ‘ಹೋಗೋದಿಲ್ಲ’ ಎಂಬ ಮಾತನ್ನೂ ಇದೇ ಹಿನ್ನೆಲೆಯಲ್ಲಿ ನೋಡಿ. ಇಂಥ ಮಕ್ಕಳು ಎರಡೂ ಮನೆಗಳಲ್ಲಿ, ಅಲ್ಲಲ್ಲಿನವರಿಗೆ ಹಿತವಾಗುವಂತೆ ಮಾತನಾಡುವುದುಂಟು. ಅವಳು ಸಮಾಧಾನವಾದ ಮೇಲೆ ‘ಯಾಕೆ ಹಾಗನ್ನಿಸಿತು?’ ಎಂದಷ್ಟೇ ಕೇಳಿ ಸುಮ್ಮನಿರಿ. ಉತ್ತರವನ್ನು ಅವಳ ಬಾಯಿಗೆ ತುರುಕಬೇಡಿ. ಮೈಮೇಲೆ ಗಾಯದ ಗುರುತು, ನಿರ್ದಿಷ್ಟ ವ್ಯಕ್ತಿಯೊಬ್ಬರ ಭಯ, ದೇಹದ ಬಗ್ಗೆ ವಯಸ್ಸಿಗೆ ಮೀರಿದ ಮಾತು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಶನಿವಾರಕ್ಕಾಗಿ ಕಾಯದೆ ವೈದ್ಯರನ್ನೂ ಮಕ್ಕಳ ರಕ್ಷಣಾ ಅಧಿಕಾರಿಗಳನ್ನೂ ಕಂಡು, ವಕೀಲರ ಮೂಲಕ ನ್ಯಾಯಾಲಯಕ್ಕೆ ತಿಳಿಸಿ. ಅಂಥ ಸಂದರ್ಭದಲ್ಲೂ ಮಗುವನ್ನು ಮನೆಯಲ್ಲಿ ಮತ್ತೆ ಮತ್ತೆ ವಿಚಾರಿಸಬಾರದು. ಅದರಿಂದ ನೆನಪೂ ಕಲಕುತ್ತದೆ, ಅದರ ಹೇಳಿಕೆಯ ಬೆಲೆಯೂ ಕುಗ್ಗುತ್ತದೆ.

ಅಂಥದ್ದೇನೂ ಇಲ್ಲದಿದ್ದರೆ ನೀವೊಬ್ಬರೇ ತೀರ್ಮಾನಿಸಿ ಭೇಟಿ ನಿಲ್ಲಿಸುವುದು ಆದೇಶದ ಉಲ್ಲಂಘನೆಯಾಗುತ್ತದೆ, ಮುಂದೆ ಅದು ನಿಮ್ಮ ವಿರುದ್ಧವೇ ಬಳಕೆಯಾಗಬಹುದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯ ಪ್ರಕಾರ, ತನ್ನ ಹಿತಕ್ಕೆ ಧಕ್ಕೆ ಬಾರದಿದ್ದರೆ ತಂದೆ ತಾಯಿ ಇಬ್ಬರೊಂದಿಗೂ ನಿಯಮಿತ ಸಂಪರ್ಕ ಇಟ್ಟುಕೊಳ್ಳುವುದು ಮಗುವಿನ ಹಕ್ಕು. ಇದು ತಂದೆಗೆ ಕೊಟ್ಟ ರಿಯಾಯಿತಿ ಎಂದು ಭಾವಿಸುವವರೇ ಹೆಚ್ಚು, ವಕೀಲರಲ್ಲೂ ಕೆಲವರು! ಸುಪರ್ದಿಯ ಆದೇಶವನ್ನು ಪರಿಸ್ಥಿತಿ ಬದಲಾದಾಗ ಮಾರ್ಪಡಿಸುವಂತೆ ಸಾಮಾನ್ಯವಾಗಿ ನ್ಯಾಯಾಲಯವನ್ನೇ ಕೇಳಬಹುದು.

ನನಗೆ ತೋರುವಂತೆ ನಿಮ್ಮ ಮಗಳ ತೊಂದರೆ ಭೇಟಿಯಲ್ಲಿಲ್ಲ, ಭೇಟಿಗಳ ನಡುವಿನ ಅಂತರದಲ್ಲಿದೆ. ಆರು ವರ್ಷದವಳಿಗೆ ಎರಡು ವಾರವೆಂದರೆ ಬಹು ದೀರ್ಘ ಕಾಲ. ತಂದೆಯ ಮನೆಗೆ ಹೊಂದಿಕೊಳ್ಳುವಷ್ಟರಲ್ಲಿ ಭಾನುವಾರ ಸಂಜೆಯಾಗಿರುತ್ತದೆ. ನಡುವಿನ ವಾರದಲ್ಲಿ ಒಂದು ಸಂಜೆ ತಂದೆಯ ಜೊತೆ ಎರಡು ತಾಸು ಕಳೆಯುವ ವ್ಯವಸ್ಥೆಗೆ ಅವರು ಒಪ್ಪುವರೇ ಎಂದು ಮಧ್ಯಸ್ಥಿಕೆದಾರರ ಮೂಲಕ ವಿಚಾರಿಸಿ. ಅದಾಗದಿದ್ದರೆ ನಿಗದಿತ ಹೊತ್ತಿಗೆ ವಿಡಿಯೋ ಕರೆಯಾದರೂ ಇರಲಿ. ಒಪ್ಪಿಸುವ ರೀತಿಯನ್ನೂ ಬದಲಿಸಿ ನೋಡಬಹುದು. ನಿಮ್ಮ ನಡುವೆ ಹಿಂಸೆಯ ಹಿನ್ನೆಲೆಯಿಲ್ಲದಿದ್ದರೆ, ತಂದೆ ಬಂದು ಕರೆದೊಯ್ಯುವ ಬದಲು ನೀವೇ ಮಗಳನ್ನು ಅವರ ಬಾಗಿಲಿಗೆ ಬಿಟ್ಟು ಬನ್ನಿ, ಹಿಂದಿರುಗುವಾಗ ಅವರು ನಿಮ್ಮಲ್ಲಿಗೆ ಬಿಡಲಿ. ಆಗ ಮಗುವನ್ನು ಯಾರೂ ಯಾರಿಂದಲೂ ಕಿತ್ತುಕೊಂಡಂತಾಗುವುದಿಲ್ಲ, ಕಳಿಸುತ್ತಿರುವವರ ಒಪ್ಪಿಗೆಯೂ ಅದಕ್ಕೆ ಕಾಣುತ್ತದೆ. ಹಲ್ಲುಜ್ಜುವ ಬ್ರಷ್, ರಾತ್ರಿಯ ಉಡುಪು, ಬಣ್ಣದ ಪೆನ್ಸಿಲ್ಲುಗಳು ಎರಡೂ ಮನೆಗಳಲ್ಲಿ ಒಂದೊಂದು ಜೊತೆ ಇದ್ದರೆ ಆ ಚೀಲವೂ ಹಗುರಾಗುತ್ತದೆ.

ಪ್ರಶ್ನೆ: ಹನ್ನೆರಡು ವರ್ಷದ ಮಗ ನನ್ನ ಜೊತೆಗೇ ಇರುತ್ತೇನೆ ಎನ್ನುತ್ತಾನೆ. ನ್ಯಾಯಾಧೀಶರ ಮುಂದೆ ಅವನು ಹಾಗೆಂದರೆ ಸುಪರ್ದಿ ನನಗೇ ಸಿಗುತ್ತದೆಯೇ?

ಉತ್ತರ: ಅಷ್ಟರಿಂದಲೇ ಸಿಗುತ್ತದೆಂದು ಹೇಳಲಾಗದು. ಮೇಲೆ ಹೇಳಿದ ಒಡಂಬಡಿಕೆಯ 12ನೇ ವಿಧಿಯು ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟಿದೆ; ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಅದನ್ನು ಪರಿಗಣಿಸಬೇಕು. ತೀರ್ಮಾನದ ಹೊಣೆ ಮಾತ್ರ ನ್ಯಾಯಾಲಯದ್ದೇ. ಇಂಥ ಮಕ್ಕಳೊಂದಿಗೆ ನ್ಯಾಯಾಧೀಶರು ಹಲವು ಬಾರಿ ಪ್ರತ್ಯೇಕವಾಗಿ ಮಾತನಾಡುತ್ತಾರೆ, ಮನೆಯಲ್ಲಿ ಕಲಿಸಿ ಕಳಿಸಿದ ವಾಕ್ಯಗಳು ಅವರಿಗೆ ಹೊಸದಲ್ಲ. ಮಗನನ್ನು ತಯಾರು ಮಾಡಬೇಡಿ. ಅವನು ಏನೇ ಹೇಳಿದರೂ ನಿಮಗೆ ಬೇಸರವಿಲ್ಲ ಎಂಬುದನ್ನು ಹೊರಡುವ ಮುನ್ನ ಒಮ್ಮೆ ತಿಳಿಸಿದರೆ ಸಾಕು.