'ಶೈಸ್ಟರ್' ಶೈಲಾಕ್‌ನಿಂದ ಬಂದದ್ದಲ್ಲ

ನಮಸ್ಕಾರ. ಕಪಟಿ ವಕೀಲನಿಗೆ ಅಮೆರಿಕನ್ನರು ಬಳಸುವ 'ಶೈಸ್ಟರ್' ಎಂಬ ಹಳೆಯ ಬೈಗುಳ ಶೇಕ್ಸ್‌ಪಿಯರನ ನಾಟಕದ ಪಾತ್ರ ಶೈಲಾಕ್‌ನಿಂದ ಹುಟ್ಟಿತೇ ಎಂದು ಕೇಳಿದ್ದೀರಿ. ಇಲ್ಲ. ಮೊದಲನೆಯದಾಗಿ ಶೈಲಾಕ್ ವಕೀಲನೇ ಅಲ್ಲ, ಬಡ್ಡಿ ಸಾಹುಕಾರ. ಷೂಸ್ಟರ್ ಎಂಬ ವಕೀಲನ ಹೆಸರಿನಿಂದ ಬಂತೆಂಬ ಕಥೆಯೂ ಓಡಾಡುತ್ತಿದೆ, ಆದರೆ ಹುಡುಕಿದವರಿಗೆ ಅಂಥ ವಕೀಲ ಯಾವ ದಾಖಲೆಯಲ್ಲೂ ಸಿಕ್ಕಿಲ್ಲ.

ಇದರ ಜಾಡು ಹಿಡಿದವರು ಭಾಷಾ ಸಂಶೋಧಕ ಜೆರಾಲ್ಡ್ ಕೋಹೆನ್. ನ್ಯೂಯಾರ್ಕಿನಲ್ಲಿ 'ಟೂಂಬ್ಸ್' ಎಂಬ ಜೈಲಿತ್ತು. ಕಾನೂನು ಓದದವರು ಅದರ ಸುತ್ತ ವಕೀಲರ ಸೋಗಿನಲ್ಲಿ ಠಳಾಯಿಸುತ್ತ, ಕಂಗಾಲಾದ ಕೈದಿಗಳಿಂದ ಇದ್ದಬದ್ದ ಹಣ ಕೀಳುತ್ತಿದ್ದರು. 1843ರಲ್ಲಿ 'ಸಬ್‌ಟರೇನಿಯನ್' ಪತ್ರಿಕೆಯ ಸಂಪಾದಕ ಮೈಕ್ ವಾಲ್ಶ್ ಇವರ ಬಣ್ಣ ಬಯಲು ಮಾಡಲು ಹೊರಟ. 'ಶೈಸ್ಟರ್' ಪದ ಮೊದಲು ಅಚ್ಚಾದದ್ದು ಅವನ ಆ ಬರಹಗಳಲ್ಲೇ. ಕಳ್ಳಕಾಕರ ಆಡುಮಾತಿನಲ್ಲಿ ಕೈಲಾಗದ ಅಯೋಗ್ಯನನ್ನು 'ಶೈಸರ್' ಎನ್ನುತ್ತಿದ್ದರು, ಅದರ ಬೇರು ಮಲಕ್ಕೆ ಸಂಬಂಧಿಸಿದ ಒಂದು ಜರ್ಮನ್ ಬೈಗುಳ. ಅದರಿಂದಲೇ 'ಶೈಸ್ಟರ್' ಬಂತು, ಹಾಗಾಗಿ ಮೊದಲಿಗೆ ಅದು ಮೋಸಗಾರನಿಗಿಂತ ಹೆಚ್ಚಾಗಿ ಕೆಲಸ ಗೊತ್ತಿಲ್ಲದವನನ್ನು ಚುಚ್ಚುತ್ತಿತ್ತು. ನನಗೆ ಇದೇ ಇಡೀ ಕಥೆಯ ಮುಖ್ಯ ಎಳೆ ಅನಿಸುತ್ತದೆ. ಬಡ ಕೈದಿಗೆ ಅರೆಬೆಂದ ವಕೀಲನೂ ವಂಚಕನಷ್ಟೇ ಅಪಾಯಕಾರಿ ಅಲ್ಲವೇ?

ನೀವು ಜೊತೆಗೆ ಕೇಳಿದ 'ಪೆಟಿಫಾಗರ್' ಇದಕ್ಕಿಂತ ತುಂಬ ಹಳೆಯದು, 16ನೇ ಶತಮಾನದ ಇಂಗ್ಲೆಂಡಿನದು. ಚಿಲ್ಲರೆ ವ್ಯಾಜ್ಯ ಹಿಡಿದು ಎಳೆದಾಡುವವನಿಗೆ ಆ ಹೆಸರು. ಅದರ 'ಫಾಗರ್' ಭಾಗ ಜರ್ಮನಿಯ ಆಗ್ಸ್‌ಬರ್ಗ್ ನಗರದ ಶ್ರೀಮಂತ ಫುಗ್ಗರ್ ವರ್ತಕ ಮನೆತನದಿಂದ ಬಂದಿರಬಹುದೆಂಬುದು ಬರೀ ಊಹೆ. ಶೈಸ್ಟರ್‌ಗೆ ಇರುವಷ್ಟು ಗಟ್ಟಿ ಆಧಾರ ಅದಕ್ಕಿಲ್ಲ.